ಒಂದೇ ಕೈಯಲ್ಲಿ ಎತ್ತುವಷ್ಟು

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಅಕ್ಕ ಇದ್ದಾಳೆ, ಚೆನ್ನಾಗಿಯೇ ಇದ್ದಾಳೆ. ವಿಮಾನದ ಟಿಕೆಟ್ ಕೈಸೇರಿ ಇಷ್ಟು ದಿನವಾದರೂ ಒಂದು ಮಾತು ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ" ಅಂದರೆ ಅದು ಯಾವ ಹೂಂ ಎಂದು ನನಗೆ ತಿಳಿಯುವುದಿಲ್ಲ. ಕಾಗದವಾದರೆ ನನ್ನ ಮಾತು ಮುಗಿಯುವವರೆಗೆ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು. ನಿನ್ನ ಬಲತೋಳು ಹೇಗಿದೆ? ತಲೆ ಬಾಚಿಕೊಳ್ಳುವಷ್ಟಾದರೂ ಮೇಲೆ ಹೋಗುತ್ತದೆಯೇ?

ತಡವಾದದ್ದಕ್ಕೆ ಕಾರಣ ಬ್ಯಾಗು. "ದೊಡ್ಡ ಪೆಟ್ಟಿಗೆ ಹೊತ್ಕೊಂಡು ಬರಬೇಡ ಅಕ್ಕ, ಕೈಯಲ್ಲಿ ಹಿಡ್ಕೊಂಡು ವಿಮಾನದೊಳಗೆ ಹೋಗೋ ಬ್ಯಾಗ್ ಒಂದು ಸಾಕು" ಅಂದೆಯಲ್ಲ. ಅದು ಎಷ್ಟು ದಿನಕ್ಕೆ ಸಾಕು ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ನಿನ್ನ ಮಗಳು ಮಾತ್ರ "ದೊಡ್ಡಮ್ಮ, ವಾಪಸ್ ಟಿಕೆಟ್ ಯಾವತ್ತಿಗೆ ಮಾಡ್ಲಿ?" ಅಂದಳು. "ಆಮೇಲೆ ನೋಡೋಣ ಕಣೇ" ಅಂದುಬಿಟ್ಟೆ. ಅಂದಿನಿಂದ ಆ "ಆಮೇಲೆ"ಯಲ್ಲೇ ಓಡಾಡಿಕೊಂಡಿದ್ದೇನೆ. ಅಂಗಡಿಯಲ್ಲಿ ಪರದೆ ಹೊಲಿಯುತ್ತ ಕೂತರೆ ಗಾಳಿಗೆ ಬಟ್ಟೆ ಉಬ್ಬುತ್ತದೆ, ಇಳಿಯುತ್ತದೆ. ಅದರ ಹಿಂದೆ ನಿಮ್ಮ ಮನೆಯ ಹಿಂದಿನ ಕೋಣೆ ಬಂದು ನಿಲ್ಲುತ್ತದೆ. ಕಿಟಕಿಯ ಬದಿಗೆ ಹೊಲಿಗೆ ಮಿಷನ್ನು, ನಾನು ಹೊಲಿಯುತ್ತಿದ್ದೇನೆ, ನೀನು ಅಂಚು ಮಡಚಿ ಕೊಡುತ್ತಿದ್ದೀಯ, ಇಬ್ಬರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ. ಹೊಲಿಗೆ ಸೊಟ್ಟಗೆ ಹೋಗಿ ಅಂಗಡಿ ಯಜಮಾನರ ಹತ್ತಿರ ಅನ್ನಿಸಿಕೊಂಡೆ.

ಮೇಲಿನ ಮನೆಯ ಮೇಷ್ಟ್ರು ಒಂದೇ ಸಲ ವಿಮಾನ ಹತ್ತಿದವರು, ಆದರೆ ನಮ್ಮ ಕಟ್ಟಡಕ್ಕೆಲ್ಲ ಅವರೇ ಪೈಲಟ್. "ಏಳು ಕೆಜಿ ಮೀರೋ ಹಾಗಿಲ್ಲ. ಉದ್ದ, ಅಗಲ ಅಳೀವಾಗ ಚಕ್ರ, ಹಿಡಿ ಎಲ್ಲಾ ಸೇರಿಸ್ತಾರೆ" ಎಂದು ಹೆದರಿಸಿದರು. ನಾನು ಬಿಡುತ್ತೇನೆಯೇ? ಟೇಪು ಹಿಡಿದು, ರಟ್ಟು ಕತ್ತರಿಸಿ, ಅವರು ಹೇಳಿದ ಅಳತೆಗೇ ಒಂದು ಡಬ್ಬ ಮಾಡಿದೆ. ಅದನ್ನು ಕಂಕುಳಲ್ಲಿಟ್ಟುಕೊಂಡು, ಉಡುವ ಬಟ್ಟೆಯ ಗಂಟೊಂದನ್ನೂ ಹಿಡಿದು ಬ್ಯಾಗಿನ ಅಂಗಡಿಗೆ ಹೋದೆ.

ಗಟ್ಟಿ ಚಿಪ್ಪಿನ ಬ್ಯಾಗು ನೋಡಲು ಚೆಂದ, ಆದರೆ ಖಾಲಿ ಇರುವಾಗಲೇ ಕಲ್ಲು ತುಂಬಿದಂತಿರುತ್ತದೆ. ಇನ್ನೊಂದಕ್ಕೆ ಹೊರಗೆಲ್ಲ ಜೇಬು. ಜೇಬು ತುಂಬಿದ ಕೂಡಲೇ ಹೊಟ್ಟೆ ಬಂದು, ನನ್ನ ಡಬ್ಬದೊಳಗೆ ಇಳಿಯಲೊಲ್ಲದು. ಇಳಿದ ಬ್ಯಾಗುಗಳಿಗೆಲ್ಲ ನನ್ನ ಬಟ್ಟೆ ತುಂಬಿ, ಎಡಗೈಯಲ್ಲಿ ಹಿಡಿದು, ತಲೆಯ ಮೇಲಕ್ಕೆ ಎತ್ತಿ ನೋಡಿದೆ. ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಅಮ್ಮಾ, ಚಕ್ರ ಇರೋದು ಎಳ್ಕೊಂಡು ಹೋಗೋಕೆ. ನೀವ್ಯಾಕೆ ಎತ್ತುತಾ ಇದೀರಿ, ಅದೂ ಎಡಗೈಲಿ?"

"ಎತ್ತಲೇಬೇಕಪ್ಪಾ," ಅಂದೆ.

"ಸೊಸೆ ಹುಡುಕೋರೂ ಇಷ್ಟು ಪರೀಕ್ಷೆ ಮಾಡಲ್ಲ ಬಿಡಿ," ಅಂದ.

ಕೊನೆಗೆ ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿದ್ದ ಬೂದು ಬಣ್ಣದ ಬಟ್ಟೆಯ ಬ್ಯಾಗು ಸಿಕ್ಕಿತು. ಚಕ್ರವಿಲ್ಲ, ಗತ್ತಿಲ್ಲ. ಜಿಪ್ಪು ಎಳೆದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಎಡಗೈಗೆ ಅದು ಇದೆಯೋ ಇಲ್ಲವೋ ಅನ್ನಿಸಿತು. ಅದನ್ನೇ ತಂದೆ. ಕತ್ತರಿ ಮಾತ್ರ ವಿಮಾನದೊಳಗೆ ಬಿಡುವುದಿಲ್ಲವಂತೆ. "ನನ್ನ ಕತ್ತರಿ ಯಾರನ್ನೂ ಕಚ್ಚಲ್ಲ ಮೇಷ್ಟ್ರೇ" ಅಂದರೂ ಅವರು ಒಪ್ಪಲಿಲ್ಲ. ಇರಲಿ, ನಿನ್ನ ಮನೆಯದ್ದನ್ನೇ ಹಿಡಿಯುತ್ತೇನೆ.

ಸಂಜೆ ಖಾಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತವಳಿಗೆ ಹಾಗೇ ಜೊಂಪು ಹತ್ತಿತು. ವಿಮಾನದೊಳಗಿದ್ದೇನೆ. ಸೀಟುಗಳ ನಡುವಿನ ದಾರಿಯಲ್ಲಿ ಅಪ್ಪ, ಅದೇ ತೋಳಿಲ್ಲದ ಬನಿಯನ್ನಿನಲ್ಲಿ, ಬಂದವರ ಬ್ಯಾಗನ್ನೆಲ್ಲ ಕಿತ್ತುಕೊಂಡು ತಲೆಯ ಮೇಲಿನ ಗೂಡಿನಲ್ಲಿಡುತ್ತಿದ್ದಾರೆ. "ಇಳಿಸೋ ಮಾತೇ ಇಲ್ಲ, ಆರಾಮಾಗಿ ಕೂತ್ಕೊಳ್ಳಿ" ಎನ್ನುತ್ತಿದ್ದಾರೆ. ಹೊರಗೆ ಮೋಡಗಳು ಒಗೆದು ಹರವಿದ ಪರದೆಗಳಂತೆ ಸುಮ್ಮನೆ ಬಿದ್ದುಕೊಂಡಿದ್ದವು. ನಾನು ನನ್ನ ಬೂದು ಬ್ಯಾಗನ್ನು ಹಿಡಿದುಕೊಂಡು ಅಪ್ಪ ನನ್ನ ಹತ್ತಿರ ಬರಲೆಂದು ಕಾಯುತ್ತಿದ್ದೆ. ಬರುವಷ್ಟರಲ್ಲಿ ಎಚ್ಚರವಾಯಿತು.

ನಿನಗೆ ನೆನಪಿದೆಯಲ್ಲ? ನೆಂಟರು ಹೊಸಿಲು ದಾಟುವ ಮೊದಲೇ ಅಪ್ಪ ಅವರ ಚೀಲ ತೆಗೆದು ಬೀರುವಿನ ಮೇಲಿಟ್ಟುಬಿಡುತ್ತಿದ್ದರು. "ಚೀಲ ಬಾಗಿಲಲ್ಲಿದ್ರೆ ಬಂದೋರ ಮನಸ್ಸೂ ಬಾಗಿಲಲ್ಲೇ ಇರುತ್ತೆ" ಅನ್ನುತ್ತಿದ್ದರು. ಚೀಲ ಮೇಲೇರಿತೆಂದರೆ ಇರಿ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಆ ಮಾತು ಹೇಳಲು ಕಲಿಯಲೇ ಇಲ್ಲ, ನೋಡು.

ಮುಂದಿನ ಶನಿವಾರ ಮಧ್ಯಾಹ್ನಕ್ಕೆ ಬಂದಿಳಿಯುತ್ತೇನೆ. ನಿನ್ನ ತೋಳಿನ ನೋವು ನನಗೆ ಬರಲಿ, ನನ್ನ ನಿದ್ದೆ ನಿನಗೆ ಬರಲಿ. ನಿನ್ನ ಮಗಳು ನೂರು ಕಾಲ ಬಾಳಲಿ. ಇಷ್ಟು ಬಿಟ್ಟರೆ ನನ್ನ ಹತ್ತಿರ ಕೊಡಲು ಬೇರೇನೂ ಇಲ್ಲ.

ನಿನ್ನ
ಅಕ್ಕ

ತಾ.ಕ.: ನಿನ್ನ ಭಾವ ತೀರಿಕೊಂಡ ಮೇಲೆ ನಿಮ್ಮಲ್ಲಿಗೆ ಬಂದಿದ್ದೆನಲ್ಲ, ಆಗ ನಾನು ಇದ್ದುಬಿಡೋಣವೆಂದೇ ಬಂದಿದ್ದೆ. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ನನ್ನ ಪೆಟ್ಟಿಗೆ ಚಪ್ಪಲಿ ಗೂಡಿನ ಪಕ್ಕ ಇಟ್ಟಲ್ಲೇ ಇತ್ತು. ನೀನು ಕಸ ಗುಡಿಸುವಾಗ ಅದನ್ನು ಸರಿಸದೆ ಸುತ್ತಲೂ ಗುಡಿಸುತ್ತಿದ್ದೆ. ನಾನು ದಿನವೂ ಎದ್ದ ಕೂಡಲೇ ಮೊದಲು ಅದನ್ನೇ ನೋಡುತ್ತಿದ್ದೆ. ಒಂದು ದಿನ ನಾನೇ ಎತ್ತಿಕೊಂಡು ಹೊರಟುಬಂದೆ. ಪೆಟ್ಟಿಗೆ ಭಾರವಿತ್ತು, ನಿನ್ನ ತೋಳು ಆಗಲೂ ನೋಯುತ್ತಿತ್ತು, ಅದಕ್ಕೇ ಮೇಲಿಡಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈ ಬ್ಯಾಗು ಎಡಗೈ ಒಂದರಲ್ಲೇ ಬೀರುವಿನ ಮೇಲೆ ಹೋಗುತ್ತದೆ, ಗುಬ್ಬಿ. ಬಂದವಳು ಅದನ್ನು ಬಾಗಿಲಲ್ಲಿಟ್ಟು ಕೈಕಾಲು ತೊಳೆಯಲು ಹೋಗುತ್ತೇನೆ. ಬೇಗ ಹೊರಗೆ ಬರುವುದಿಲ್ಲ.