ಡ್ರಮ್ಮಿನ ಏಟಿಗೆ ಮುಂಚೆ

ಬುಧವಾರ, ಬೆಳಿಗ್ಗೆ

ನನ್ನ ಕೋತಿಮರಿಗೆ, ಅಮ್ಮ ಸಿಟ್ಟು ಇಳಿಯದೆಯೇ ಬರೆಯುತ್ತಿರುವ ಪತ್ರ.

ನಿನ್ನೆ ನೀನು ಸರ್ಕಸ್ಸಿನವರೆಲ್ಲರ ಎದುರು ನನ್ನ ಕೈಗೆ ಹೂಗುಚ್ಛ ಕೊಟ್ಟೆ. ಇಪ್ಪತ್ತು ವರ್ಷ ಪಿಟೀಲು ನುಡಿಸಿ ಅಮ್ಮನ ಕೈ ಸೋತಿದೆ, ತಾಳ ಓಲಾಡುತ್ತದೆ, ಶುಕ್ರವಾರದಿಂದ ರೆಕಾರ್ಡಿಂಗ್ ಹಾಕುತ್ತೇವೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಹಲ್ಲು ಕಿರಿದು ನಿಂತಿದ್ದೆ. ಹೋದ ತಿಂಗಳು ನೆನಪಿಗೊಂದು ಇರಲಿ ಎಂದು ಸ್ಟುಡಿಯೋಗೆ ಕರೆದೊಯ್ದು ನುಡಿಸಿಕೊಂಡೆಯಲ್ಲ, ಅದು ಇದಕ್ಕೇ ಎಂದು ಆಗಲೇ ಹೇಳಬಹುದಿತ್ತು. ಹೆತ್ತವಳ ಕಣ್ಣಿಗೆ ಮಣ್ಣೆರಚುವುದನ್ನು ಯಾರಿಂದ ಕಲಿತೆಯೋ.

ಆಟದ ಕೊನೆಗೆ ನೀನು ಚಾವಣಿಯ ಹತ್ತಿರ ಎಡಗೈಯಲ್ಲಿ ಹಗ್ಗ ಹಿಡಿದು, ಡ್ರಮ್ಮಿನ ಏಟು ಬಿದ್ದೊಡನೆ ಬಲಗೈ ಬಿಡುತ್ತೀಯ. ಆ ಏಟಿಗೆ ಮುಂಚಿನ ನನ್ನ ಉದ್ದನೆಯ ಸ್ವರ ದಿನಕ್ಕೊಂದು ಥರ ಎಂಬುದು ನಿನ್ನ ದೂರು. ನಿಜ. ಮೊದಲು ಮೂರು ಎಣಿಕೆ ಇತ್ತು, ಆಮೇಲೆ ನಾಲ್ಕಾಯಿತು. ಇತ್ತೀಚೆಗೆ ಐದಕ್ಕೆ ಕಡಿಮೆ ಇಲ್ಲ.

ಮಣಿಕಟ್ಟು ಮುರಿದು ಕೂಡಿಕೊಂಡ ಮೇಲೆ ನಿನ್ನ ಎಡಗೈ ಬೆರಳುಗಳು ತಡವಾಗಿ ಮಡಚಿಕೊಳ್ಳುತ್ತವೆ. ನಿನಗದು ತಿಳಿಯುವ ಸಂದರ್ಭವೇ ಬರಲಿಲ್ಲ. ನಾನು ಕೆಳಗಿನಿಂದ ಆ ಮುಷ್ಟಿಯನ್ನೇ ನೋಡುತ್ತಿದ್ದೆ. ಅದು ಬಿಗಿದ ಮೇಲೆಯೇ ಕಮಾನು ಎತ್ತಿ ಸ್ವರ ನಿಲ್ಲಿಸುತ್ತಿದ್ದೆ. ನಾನು ಎತ್ತಿದ ಮೇಲೆಯೇ ಡ್ರಮ್ಮಿನವನು ಬಾರಿಸುತ್ತಿದ್ದ. ಕಾರಣ ಅವನಿಗೂ ಹೇಳಲಿಲ್ಲ. ಹೇಳಿದ್ದರೆ ನಿನ್ನನ್ನು ಹಗ್ಗದಿಂದ ಇಳಿಸುತ್ತಿದ್ದರು. ಪೆಟ್ಟಾದಾಗ ಆರು ತಿಂಗಳು ನೀನು ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ಕಂಡವಳು ನಾನು. ಮತ್ತೆ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಮುಚ್ಚಿಡುವುದನ್ನು ನೀನು ನನ್ನಿಂದಲೇ ಕಲಿತಿರಬೇಕು.

ಹೊಟ್ಟೆ ಉರಿಯುತ್ತಿದೆ. ನನ್ನ ಕುರ್ಚಿ ಹೋದದ್ದಕ್ಕಲ್ಲ ಎಂದರೆ ಸುಳ್ಳಾದೀತು, ಅದಕ್ಕೂ ಉರಿಯುತ್ತಿದೆ. ನಿನ್ನೆಯಿಂದ ನೀನು ಫೋನು ಎತ್ತುತ್ತಿಲ್ಲ. ಹೂವು ಬಕೆಟ್ಟಿನಲ್ಲಿದೆ, ಬಾಡುತ್ತಿದೆ.

ಇಂತಿ,
ತಾಳಗೆಟ್ಟ ನಿನ್ನ ಅಮ್ಮ

ವಿ.ಸೂ.: ಇದು ಮರೆತು ಉಳಿದದ್ದಲ್ಲ, ಬರೆಯಲು ಕೈಬಾರದೆ ಉಳಿದದ್ದು. ಸ್ಟುಡಿಯೋಗೆ ಹೋಗುವ ದಾರಿಯಲ್ಲೂ ನೀನು ತಾಳದ ಮಾತೆತ್ತಿ ನನ್ನನ್ನು ಚುಚ್ಚಿದ್ದೆ. ಅಲ್ಲಿ ನೋಡಲು ನಿನ್ನ ಮುಷ್ಟಿಯೂ ಇರಲಿಲ್ಲ. ನಾನು ಹಟಕ್ಕೆ ಬಿದ್ದು ಗಡಿಯಾರದ ಹಾಗೆ ನುಡಿಸಿದೆ. ಆ ಉದ್ದನೆಯ ಸ್ವರ ಸರಿಯಾಗಿ ಮೂರೇ ಎಣಿಕೆ, ಅದು ನಿಂತೊಡನೆ ಏಟು ಬೀಳುತ್ತದೆ. ಡ್ರಮ್ಮಿನವನ ಕೈಯಲ್ಲಿ ಈಗಲೇ ಇದನ್ನು ಕಳಿಸುತ್ತಿದ್ದೇನೆ. ಶುಕ್ರವಾರ ಆ ಏಟು ಕೇಳಿ ಕೈ ಬಿಡಬೇಡ, ಮಗಳೇ.