ಅಪ್ಪನ ಅರ್ಧ ಷರಾ

ಜೂನ್ ೧೪, ಮಂಗಳವಾರ

ತೀರಿಕೊಂಡ ಅಪ್ಪನ ಖರ್ಚುವೆಚ್ಚದ ಫೈಲುಗಳನ್ನೆಲ್ಲ ಅವರ ಹಳೇ ಕಂಪ್ಯೂಟರಿನಿಂದ ನನ್ನದಕ್ಕೆ ಹಾಕಿಕೊಂಡೆ. 'ಮೊತ್ತ ತಾಳೆಯಾದ್ರೆ ಸಾಕು' ಅಂದಿದ್ರು ಸೋದರಮಾವ. ತಾಳೆಯಾಯ್ತು. ಮಧ್ಯಾಹ್ನವೇ ಹಳೇದನ್ನು ಪೂರ್ತಿ ಅಳಿಸಿ ಗುಜರಿಗೆ ಕೊಟ್ಟೆ. ಎಂಥ ಜಾಣೆ ನಾನು.

ಈಗ ನೋಡಿದರೆ, ನನ್ನ ಕಂಪ್ಯೂಟರಿನ ಹೊಸ ಲೆಕ್ಕದ ಪ್ರೋಗ್ರಾಂ ಪ್ರತಿ ಖರ್ಚಿನ ಷರಾವನ್ನೂ ಒಂದೇ ಸಾಲಿಗೆ ಕತ್ತರಿಸಿಬಿಟ್ಟಿದೆ. ಅಪ್ಪ ಉದ್ದುದ್ದ ಬರೆಯೋರು. ಅವರ ಕೊನೆಯ ಆಸ್ಪತ್ರೆ ಖರ್ಚಿನ ಮುಂದೆ ಉಳಿದಿರೋದು ಇಷ್ಟೇ: 'ಸ್ಕ್ಯಾನಿಂಗ್. ಈ ಕಾಯಿಲೆ ಮಗಳಿಗೂ ಬರಬಹುದಂತೆ. ಅವಳಿಗೆ ಹೇಳಬೇಕು, ಆದರೆ'

ಆದರೆ ಏನಪ್ಪಾ?

ಮೂರು ತಿಂಗಳಿಂದ ನನಗೂ ಅವರ ಹಾಗೇ ಬೆಳಗಿನ ಹೊತ್ತು ತಲೆ ಸುತ್ತುತ್ತೆ. ನಾನೂ ಯಾರಿಗೂ ಹೇಳಿಲ್ಲ.

ಆಚೆ ಕೋಣೆಯಿಂದ ಅಮ್ಮ, 'ಲೆಕ್ಕ ಸರಿಹೋಯ್ತೇನೇ?' ಅಂದಳು.

'ಎಲ್ಲಾ ಸರಿಯಾಗಿದೆಯಮ್ಮ, ಮಲ್ಕೋ' ಅಂದೆ. ಹೇಳಬೇಕು, ಆದರೆ