ಗಂಡಸರ ಊಟ ಆದ ಮೇಲೆ

ಹಾಲ್ಕುರಿಕೆ
ಗುರುವಾರ, 12-6-2025

ಚಿ. ಸೌ. ಸರ್ವಮಂಗಳೆಗೆ ಅಣ್ಣ ತೋಂಟದಾರ್ಯನ ಆಶೀರ್ವಾದಗಳು.

ತಿಳಿಸುವುದು ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳುವ ಮಾತಲ್ಲ. ಅದಕ್ಕೇ ಈ ಕಾಗದವನ್ನು ಹಂದನಕೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಅವ್ವ ವಾರದಿಂದ ಊಟ ಬಿಟ್ಟಿದ್ದಾಳೆ. ನಾಲ್ಕು ಗುಟುಕು ಮಜ್ಜಿಗೆ, ಅಷ್ಟೇ. ಸೋಮವಾರದೊಳಗೆ ಉಣ್ಣದಿದ್ದರೆ ಮೂಗಿಗೆ ಪೈಪು ಹಾಕಬೇಕು ಎಂದಿದ್ದಾರೆ ಡಾಕ್ಟರು.

ಬಾಯಿಗೆ ರುಚಿಸುತ್ತಿಲ್ಲವೇನೋ ಎಂದು ನಿನ್ನ ಅತ್ತಿಗೆ ಕಲ್ಲಮ್ಮ ಮಹಾಯಾಗವನ್ನೇ ಹೂಡಿದಳು. ಕಾಯಿಹಾಲು, ಕಾಯಿಹೋಳಿಗೆ, ಕಾಯಿಸಾರು. ಅವ್ವ ತಟ್ಟೆ ನೋಡಿ ಗಾಬರಿಯಾಗಿ, ಕೊಬ್ಬರಿಗೆ ಬಿಟ್ಟ ಕಾಯಿ ಒಡೆದವರ್ಯಾರು, ಮಾವ ಕೇಳಿದರೆ ಏನು ಹೇಳುತ್ತೀಯ ಎಂದು ಸೊಸೆಯನ್ನು ವಿಚಾರಣೆಗೆ ನಿಲ್ಲಿಸಿದಳು. ಆ ಮಾವ, ಅಂದರೆ ನಮ್ಮ ತಾತ, ನೀನು ಹುಟ್ಟುವ ಮೊದಲೇ ಶಿವೈಕ್ಯರಾದವರು.

ಆಗ ನಮಗೆ ಹೊಳೆಯಿತು. ಅವ್ವ ಈಗಿರುವುದು ತಾನು ಸೊಸೆಯಾಗಿ ಕಾಲಿಟ್ಟ ಕಾಲದ ಅಡುಗೆಮನೆಯಲ್ಲಿ. ಅಟ್ಟದ ತುಂಬ ಮಾರುವ ಕಾಯಿ, ಒಲೆಯ ಮೇಲೆ ಕಾಯಿಯಿಲ್ಲದ ಹುರುಳಿ ಸಾರು. ಕಲ್ಲಮ್ಮ ಅದನ್ನೇ ಕಾಯಿಸಿ ಮುದ್ದೆ ಇಟ್ಟಳು. ವಾಸನೆಗೆ ಅವ್ವನ ಮುಖ ಅರಳಿತು. ತುತ್ತು ಮಾತ್ರ ಮುರಿಯಲಿಲ್ಲ.

"ಯಾಕತ್ತೆ, ಉಣ್ಣಲ್ವಾ?"

"ಗಂಡುಸ್ರು ಉಂಡ್ರೇನೇ? ಅವ್ರದಾಗ್ದೆ ನಾನೆಂಗೆ ಕೈಯಿಕ್ಲಿ?"

ನೋಡು ಮತ್ತೆ, ಔಷಧಿ ನನ್ನ ಹೊಟ್ಟೆಯಲ್ಲಿತ್ತು. ಮನೆಯ ಏಕಮಾತ್ರ ಗಂಡಸಾದ ನಾನು ಅವಳೆದುರು ಮಣೆ ಹಾಕಿಸಿಕೊಂಡು, ಎರಡು ಮುದ್ದೆ ನುಂಗಿ, ಬೀದಿಗೆ ಕೇಳುವಂತೆ ತೇಗಿದೆ. ಊಟದ ವಿಷಯದಲ್ಲಿ ನಾನು ಕರ್ತವ್ಯಲೋಪ ಮಾಡಿದವನಲ್ಲ. ಈಗ ಹೊತ್ತುಹೊತ್ತಿಗೂ ಇದೇ ಸೇವೆ. ಅವ್ವ ಕಣ್ತುಂಬ ನೋಡುತ್ತಾಳೆ, ಇನ್ನೊಂದು ಸೌಟು ಬಡಿಸಲು ಹೇಳುತ್ತಾಳೆ. ತಾನು ಮಾತ್ರ ಉಣ್ಣುವುದಿಲ್ಲ. ನನ್ನ ಹೊಟ್ಟೆ ಬೆಳೆಯುತ್ತಿದೆ, ಅವಳ ಬಳೆ ಮೊಣಕೈವರೆಗೆ ಜಾರುತ್ತಿದೆ.

ಶನಿವಾರದೊಳಗೆ ಬಂದುಬಿಡು. ಭಾವನವರಿಗೆ ನಮಸ್ಕಾರ ಹೇಳು. ಶಿವ ನಿನ್ನ ಮಕ್ಕಳನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಣ್ಣ,
ತೋಂಟದಾರ್ಯ

ತಾ.ಕ.: ಅವ್ವ ಯಾಕೆ ಉಣ್ಣುತ್ತಿಲ್ಲವೆಂದು ಮೇಲೆ ಬರೆಯಲಾಗಲಿಲ್ಲ. ನಿನ್ನೆ ಉಂಡು ಕೈತೊಳೆದು ಬಂದ ನನಗೆ ಹೇಳಿದಳು: "ನೆಂಟ್ರು ನೀವು, ನಿಮ್ದಾಯ್ತಲ್ಲ, ಸಂತೋಸ. ನನ್ ಮಗ ತೋಂಟ ಇನ್ನೂ ಬಂದಿಲ್ಲ ಕಣಪ್ಪ. ಅವ್ನು ಉಂಡ್ಮೇಲೆ ಉಣ್ತೀನಿ."

ಹೊರಗೆ ಹೋಗಿ, ಚಪ್ಪಲಿ ಸದ್ದು ಮಾಡುತ್ತ ಮಗನಾಗಿ ಒಳಗೆ ಬಂದೆ. ನೆಂಟರು ಏನೋ ಮರೆತು ವಾಪಸು ಬಂದರೇನೋ ಎಂದು ನನಗೇ ನೀರು ಕೊಡಿಸಿದಳು.

ನಿನ್ನನ್ನು ಮರೆತಿಲ್ಲ, ಮಂಗಳ ಬಂದಳಾ ಎಂದು ದಿನವೂ ಕೇಳುತ್ತಾಳೆ. ನೀನು ಬಂದು ಹೇಳು, ತೋಂಟ ಉಂಡ ಅಂತ. ನೀನು ಹೇಳಿದರೆ ನಂಬುತ್ತಾಳೆ.